ಹಸಿರು ತಂತಿಯ ಸುರುಳಿ

ಪುಣೆಯಲ್ಲಿ ಆಫೀಸು, ಲಾಡ್ಜ್‌ಗಳ ಟೆಲಿಫೋನ್ ಎಕ್ಸ್‌ಚೇಂಜ್ (ಹೊರಗಿನ ಲೈನನ್ನು ಒಳಗಿನ ಫೋನುಗಳಿಗೆ ಹಂಚುವ ಪೆಟ್ಟಿಗೆ) ರಿಪೇರಿ ಮಾಡುವ ನನ್ನಂಥವರಿಗೆ ಸುಗ್ಗಿ ಶುರುವಾಗುವುದು ಭರಣಿ ಮಳೆಗೆ. ಮಧ್ಯಾಹ್ನವಿಡೀ ಕುದಿದು, ಸಂಜೆ ನಾಲ್ಕರ ಹೊತ್ತಿಗೆ ಕಪ್ಪುಗಟ್ಟಿ, ಗುಡುಗಿನೊಂದಿಗೆ ಸುರಿಯುವ ಮಳೆ. ಜುಲೈ, ಆಗಸ್ಟ್‌ನ ಜಿಟಿಜಿಟಿಯಿಂದ ನನಗೆ ಹೆಚ್ಚು ಕೆಲಸವಿಲ್ಲ, ಅದರಲ್ಲಿ ಸಿಡಿಲು ಅಪರೂಪ. ಮತ್ತೆ ಕರೆಗಳು ಬರುವುದು ಹಸ್ತ, ಚಿತ್ತೆಯ ಹೊತ್ತಿಗೆ. ಭೋಸರಿಯ ವರ್ಕ್‌ಶಾಪಿನವರಾಗಲಿ ಪೇಟೆಯ ವಕೀಲರಾಗಲಿ, ಹೇಳುವುದು ಒಂದೇ: ಎಕ್ಸ್‌ಚೇಂಜ್ ಸುಟ್ಟಿದೆ, ಬೇಗ ಬನ್ನಿ.

ಹೋದ ಕೂಡಲೇ ನಾನು ಕೇಳುವುದು ಯಾವ ಯಾವ ಫೋನ್ ಸತ್ತಿದೆ ಎಂದು. ಹೊರಗಿನ ಲೈನ್ ಬರುವ ಟ್ರಂಕ್ ಕಾರ್ಡ್ ಹೋಗಿದ್ದರೆ ಏಟು ಬೀದಿಯ ಕೇಬಲ್ಲಿನಿಂದ ಬಂದಿದೆ. ಪವರ್ ಸಪ್ಲೈ ಹೋಗಿದ್ದರೆ ಕರೆಂಟಿನ ದಾರಿಯಿಂದ. ಎಂಟು ಎಕ್ಸ್‌ಟೆನ್ಷನ್‌ಗಳ ಕಾರ್ಡಿನಲ್ಲಿ ಒಂದೋ ಎರಡೋ ಮಾತ್ರ ಸತ್ತಿದ್ದರೆ ಆ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸುತ್ತೇನೆ. ಕಾರ್ಖಾನೆಯಾದರೆ ಅದು ಹೆಚ್ಚಾಗಿ ಗೇಟಿನ ವಾಚ್‌ಮನ್ ಕ್ಯಾಬಿನ್ನಿಗೆ, ಬೇವಿನ ಮರಕ್ಕೆ ಕಟ್ಟಿಸಿಕೊಂಡು ಹೋಗಿರುತ್ತದೆ. ಮಾಲೀಕರ ಕಣ್ಣಿಗೆ ಅದು ಒಳಗಿನ ಇಂಟರ್‌ಕಾಮ್, ಸಿಡಿಲಿಗೆ ಬಯಲಿನ ತಂತಿ.

ಸ್ವಾರ್‌ಗೇಟ್ ಕಡೆಯ ಒಂದು ಲಾಡ್ಜ್ ಇದೆ. ಮಾಲೀಕರು ಕುಂದಾಪುರದ ಕಡೆಯವರು, ನನಗಿಂತ ಹಿರಿಯರು. ಅವರ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾರ್ಡ್ ಸುಟ್ಟಿತ್ತು. ನಾನು ಮುಚ್ಚಳ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದರು.

"ಅಲ್ಲ ಮಾರಾಯರೇ, ಟೆರೇಸಿನ ಮೇಲೆ ಸಿಡಿಲಿನ ಅರೆಸ್ಟರ್ ಸರಳು ಹಾಕಿಸಿದ್ದೇನೆ. ಎಕ್ಸ್‌ಚೇಂಜಿಗೆಂದೇ ಬೇರೆ ಅರ್ಥಿಂಗ್ ಗುಂಡಿ ತೋಡಿಸಿದ್ದೇನೆ. ಮತ್ತೆ ಹೇಗೆ ಸುಟ್ಟಿತು?"

"ಸರ್, ಆ ಬೇರೆ ಗುಂಡಿಯಿಂದಲೇ ಸುಟ್ಟಿರಬೇಕು" ಎಂದೆ. ಅವರಿಗೆ ಅದು ಉದ್ಧಟತನದಂತೆ ಕೇಳಿಸಿತು ಎಂದು ಕಾಣುತ್ತದೆ, ಚಹಾ ಹೇಳಲು ಒಳಗೆ ಹೋದರು. ವಿಷಯ ಇಷ್ಟೇ. ಟೆರೇಸಿನ ಅರೆಸ್ಟರ್ ಇರುವುದು ಕಟ್ಟಡ ಒಡೆಯದಂತೆ, ಬೆಂಕಿ ಹತ್ತದಂತೆ ಕಾಯಲು. ಕೆಳಗಿನ ಕಾರ್ಡುಗಳ ಜವಾಬ್ದಾರಿ ಅದರದಲ್ಲ. ಇನ್ನು ಗುಂಡಿಯ ಲೆಕ್ಕ ನೋಡಿ. ಸಾಧಾರಣ ಸಿಡಿಲಿನ ಮೊದಲ ಹೊಡೆತ ಸುಮಾರು 30,000 ಆಂಪಿಯರ್. ಅದರ ಹತ್ತನೆಯ ಒಂದು ಪಾಲು ಮಾತ್ರ ನಿಮ್ಮ ಗುಂಡಿಗೆ ಇಳಿಯಿತು ಎನ್ನೋಣ. ಇದ್ದಿಲು, ಉಪ್ಪು ಹಾಕಿ, ನೀರು ಬಿಟ್ಟು, ಗುಂಡಿಯ ರೋಧ 2 ಓಮ್‌ಗೆ ಇಳಿದಿದೆ ಎನ್ನೋಣ. ಆದರೂ ಆ ಕ್ಷಣ ಅರ್ಥ್ ತಂತಿಯೇ 6,000 ವೋಲ್ಟ್‌ಗೆ ಏರುತ್ತದೆ. ಹತ್ತು ಹೆಜ್ಜೆ ಆಚೆಯ ಇನ್ನೊಂದು ಗುಂಡಿ ಅಷ್ಟು ಏರಿರುವುದಿಲ್ಲ. ಎಕ್ಸ್‌ಚೇಂಜ್ ಒಂದು ಗುಂಡಿಗೆ, ಅದರ ಪ್ಲಗ್ ಇನ್ನೊಂದು ಗುಂಡಿಗೆ ಸೇರಿದ್ದರೆ ಎರಡರ ನಡುವಿನ ವ್ಯತ್ಯಾಸವೆಲ್ಲ ಕಾರ್ಡಿನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಎಲ್ಲ ಅರ್ಥ್‌ಗಳನ್ನೂ ಒಂದೇ ತಾಮ್ರದ ಪಟ್ಟಿಗೆ ಕಟ್ಟಿದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ನಡುವಿನ ಯಂತ್ರಕ್ಕೆ ಏಟು ತಗಲುವುದಿಲ್ಲ. ಎಕ್ಸ್‌ಚೇಂಜಿಗೆ ಶುದ್ಧ ಅರ್ಥ್ ಬೇರೆಯೇ ಬೇಕು ಎಂದು ಯಾರು ಕಲಿಸಿದರೋ, ಅವರಿಂದ ನನ್ನ ಅರ್ಧ ಸಂಸಾರ ನಡೆದಿದೆ.

ಲಾಡ್ಜಿನಲ್ಲಿ ಇನ್ನೊಂದು ತಮಾಷೆಯೂ ಇತ್ತು. ಟ್ರಂಕ್ ಲೈನಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದ್ದರು, ಒಳ್ಳೆಯ ಮಾಲು. ಅದರಿಂದ ಅರ್ಥ್‌ಗೆ ಹೊರಟ ಹಸಿರು ತಂತಿ ಉದ್ದವಾಯಿತೆಂದು, ಕತ್ತರಿಸಲು ಮನಸ್ಸು ಬಾರದೆ, ಉಳಿದದ್ದನ್ನು ಅಂದವಾಗಿ ಸುರುಳಿ ಸುತ್ತಿ ಟೈ ಹಾಕಿ ಗೋಡೆಗೆ ಬಿಗಿದಿದ್ದರು. ನೋಡಲು ಚೆಂದ. ಆದರೆ ಸಿಡಿಲಿನ ಪ್ರವಾಹ ಮೈಕ್ರೋಸೆಕೆಂಡುಗಳಲ್ಲಿ ಏರುವಂಥದ್ದು, ಅದಕ್ಕೆ ತಂತಿಯ ದಪ್ಪಕ್ಕಿಂತ ಉದ್ದವೇ ದೊಡ್ಡ ಅಡ್ಡಿ. ನೇರ ತಂತಿಯ ಪ್ರತಿ ಮೀಟರಿಗೆ ಸರಿಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟೆನ್ಸ್, ಅಂದರೆ ಪ್ರವಾಹದ ದಿಢೀರ್ ಏರಿಕೆಗೆ ಒಡ್ಡುವ ಅಡ್ಡಿ, ಇರುತ್ತದೆ. ಮೈಕ್ರೋಸೆಕೆಂಡಿಗೆ 1,000 ಆಂಪಿಯರ್ ಏರಿದರೆ ಮೀಟರಿಗೆ 1,000 ವೋಲ್ಟ್. ಸುರುಳಿ ಸುತ್ತಿದರೆ ಇನ್ನೂ ಹೆಚ್ಚು. ಪ್ರೊಟೆಕ್ಟರ್ ತನ್ನ ಕೆಲಸ ಮಾಡಿಯೂ ಏಟು ಕಾರ್ಡಿಗೇ ಬೀಳುತ್ತದೆ. ಆ ಸುರುಳಿಯನ್ನು ನಾನು ಕತ್ತರಿಸಿದಾಗ ಮಾಲೀಕರಿಗೆ ಹೊಟ್ಟೆ ಉರಿಯಿತು. ತಾಮ್ರದ ಬೆಲೆ ಅವರಿಗೆ ಗೊತ್ತು.

ಪ್ರೊಟೆಕ್ಟರ್ ಎಂದರೆ ಏನು ಎಂದು ಚಹಾ ಕುಡಿಯುತ್ತ ಕೇಳಿದರು. ಫೋನ್ ತಂತಿಗಳನ್ನು ಜೋಡಿಸುವ ಕ್ರೋನ್ ಪಟ್ಟಿಗೆ ಸಿಕ್ಕಿಸುವ ಬೆರಳುದ್ದದ ಸಾಮಾನು, ಒಳಗೆ ಅನಿಲ ತುಂಬಿದ ಪುಟ್ಟ ಕೊಳವೆ. ಲೈನಿನಲ್ಲಿ ಸುಮ್ಮನಿರುವಾಗ 48 ವೋಲ್ಟ್ ಡಿಸಿ ಇರುತ್ತದೆ, ಗಂಟೆ ಬಾರಿಸುವಾಗ ಅದರ ಮೇಲೆ 75ರಿಂದ 90 ವೋಲ್ಟ್ ಎಸಿ ಸೇರುತ್ತದೆ. ಗಂಟೆಗೇ ಹೊತ್ತಿಕೊಳ್ಳದಿರಲಿ ಎಂದು ಸಾಮಾನ್ಯವಾಗಿ 230 ವೋಲ್ಟ್‌ನ ಕೊಳವೆ ಹಾಕುತ್ತಾರೆ. ಅದಕ್ಕೂ ಮೀರಿದರೆ ಅನಿಲ ವಾಹಕವಾಗಿ ಏಟನ್ನು ಅರ್ಥ್‌ಗೆ ತಿರುಗಿಸುತ್ತದೆ. ತೆಗೆದುಕೊಳ್ಳುವಾಗ ಮೂರು ಕಾಲಿನದನ್ನೇ ಕೇಳಿ. ಜೋಡಿ ತಂತಿಗೆ ಎರಡು ಬಿಡಿ ಕೊಳವೆ ಹಾಕಿದರೆ ಒಂದು ಮೊದಲು ಹೊತ್ತಿ ಇನ್ನೊಂದು ತಡವಾಗುತ್ತದೆ, ಆ ಅಂತರದಲ್ಲೇ ಕಾರ್ಡ್ ಹೋಗುತ್ತದೆ. ಎಲೆಕ್ಟ್ರಿಕಲ್ ಸಾಮಾನಿನ ತಪಕೀರ್ ಗಲ್ಲಿಯಲ್ಲಿ ಎರಡೂ ಸಿಗುತ್ತವೆ. ವಾಚ್‌ಮನ್ ಕ್ಯಾಬಿನ್ನಿನಂಥ ಹೊರಗಿನ ಎಕ್ಸ್‌ಟೆನ್ಷನ್ನಿಗೆ ಎರಡೂ ತುದಿಗೆ ಒಂದೊಂದು ಬೇಕು.

ಕರೆಂಟಿನ ಕಡೆಗೆ ಡಿಬಿಯಲ್ಲಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಟೈಪ್ 2 ಸರ್ಜ್ ಪ್ರೊಟೆಕ್ಟರ್. ಅದರ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದರೆ ಒಳಗಿನ ಭಾಗ ಸವೆದಿದೆ ಎಂದರ್ಥ. ಅರ್ಥ್ ಪಿನ್ನಿಗೆ ತಂತಿಯೇ ಇಲ್ಲದ ಬೋರ್ಡಿಗೆ ಸ್ಪೈಕ್ ಬಸ್ಟರ್ ಸಿಕ್ಕಿಸಿ ನೆಮ್ಮದಿಯಾಗಿರುವವರಿಗೆ ನಾನು ಏನೂ ಹೇಳುವುದನ್ನು ಬಿಟ್ಟಿದ್ದೇನೆ. ಯುಪಿಎಸ್ ಇದೆಯಲ್ಲ ಎನ್ನುವವರಿಗೆ ಮಾತ್ರ ಹೇಳುತ್ತೇನೆ: ಟೆಲಿಫೋನ್ ತಂತಿ ಯುಪಿಎಸ್ ದಾಟಿ ಬರುವುದಿಲ್ಲ.

ಇಲ್ಲೇ ಪಾಷಾಣ್ ಬಡಾವಣೆಯಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು ಸಿಡಿಲಿನ ಎಚ್ಚರಿಕೆಗೆಂದು ಮಾಡಿದ ದಾಮಿನಿ ಆ್ಯಪ್ ನನ್ನ ಮೊಬೈಲಿನಲ್ಲಿದೆ. 40 ಕಿಲೋಮೀಟರ್, 20 ಕಿಲೋಮೀಟರ್ ಸುತ್ತಿನ ಸಿಡಿಲನ್ನು ತೋರಿಸುತ್ತದೆ. ಅದನ್ನು ನೋಡಿಕೊಂಡು ಲಾಡ್ಜಿನ ಎಕ್ಸ್‌ಚೇಂಜ್ ಬಿಚ್ಚಿಡಲು ಆಗದು, ಗಿರಾಕಿಗಳು ಬೈಯುತ್ತಾರೆ. ಆದರೆ ಎರಡು ಕೈಯಲ್ಲೂ ಬೀದಿಯ ತಂತಿ ಹಿಡಿದು ಕೂರುವ ನನಗೆ ಅದು ಬೇಕು. ಗುಡುಗು ಕೇಳಿದರೆ ಕ್ರೋನ್ ಪಟ್ಟಿ ಮುಟ್ಟುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ.

ಈಗ ಲಾಡ್ಜಿಗೆ ಫೈಬರ್ ಬಂದಿದೆ. ಗಾಜಿನೆಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕೆಲವು ಫೈಬರ್ ಕೇಬಲ್ಲುಗಳಿಗೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಅದನ್ನು ಕಟ್ಟಡದ ಹೊರಗೇ ಕತ್ತರಿಸಿ ಅರ್ಥ್‌ಗೆ ಸೇರಿಸಬೇಕು. ಮಾಲೀಕರು ಅದನ್ನು ಒಪ್ಪಿ ಮಾಡಿಸಿದರು. ಮೊನ್ನೆ ಹೋದಾಗ ಗೇಟಿನ ಕಬ್ಬಿಣದ ಕಂಬದ ಮೇಲೆ ಹೊಸ ಕ್ಯಾಮೆರಾ ಕಂಡಿತು. ಅದರ ತಾಮ್ರದ ಕೇಬಲ್ ಅಂಗಳ ದಾಟಿ, ಯಾವ ಪ್ರೊಟೆಕ್ಟರೂ ಇಲ್ಲದೆ, ಎಕ್ಸ್‌ಚೇಂಜ್ ಇರುವ ರ‍್ಯಾಕಿನ ನೆಟ್‌ವರ್ಕ್ ಸ್ವಿಚ್ಚಿಗೇ ಬಂದು ಸೇರಿದೆ. ಕ್ಯಾಮೆರಾದವರು ನಿಮ್ಮ ಹಾಗೆ ಏನೂ ಹೇಳಲಿಲ್ಲವಲ್ಲ ಎಂದರು ಮಾಲೀಕರು. ರೋಹಿಣಿ ಮಳೆಗೆ ಮೊದಲು ಎರಡು ತುದಿಗೂ ಪ್ರೊಟೆಕ್ಟರ್ ಹಾಕಿಸಿ ಎಂದು ಅಂದಾಜುಪಟ್ಟಿ ಬರೆದು ಕೊಟ್ಟು ಬಂದಿದ್ದೇನೆ.