ನಮ್ಮ ಮೈಬಣ್ಣಕ್ಕೆ ಒಪ್ಪುವ ದಿನನಿತ್ಯದ ಮೇಕಪ್

ತಿಂಡಿ, ಊಟದ ಡಬ್ಬಿ, ಮಕ್ಕಳ ಶಾಲೆಯ ಗಡಿಬಿಡಿ ಎಲ್ಲವನ್ನೂ ಮುಗಿಸಿ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಕನ್ನಡಿಯ ಮುಂದೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮುಗಿಯುವ, ಸಂಜೆಯವರೆಗೆ ಕೆಡದೆ ಉಳಿಯುವ, ಎದುರಿಗಿದ್ದವರ ಗಮನ ಹಚ್ಚಿದ ಬಣ್ಣದ ಕಡೆಗೆ ಹೋಗದೆ ಮುಖದ ಮೇಲೆಯೇ ನಿಲ್ಲುವಂಥ ಮೇಕಪ್ ಬಗ್ಗೆ ಈ ಬರಹ. ಮದುವೆಮನೆಯ ಮೇಕಪ್ ಬೇರೆಯೇ ವಿದ್ಯೆ. ಅದನ್ನು ಕ್ಯಾಮೆರಾ ಮತ್ತು ಪ್ರಖರವಾದ ದೀಪಗಳಿಗಾಗಿ ದಟ್ಟವಾಗಿ ಮಾಡುತ್ತಾರೆ. ಅದೇ ಕ್ರಮವನ್ನು ತೆಳುವಾಗಿಸಿ ದಿನವೂ ಅನುಸರಿಸಲು ಹೊರಟರೆ ಸಮಯವೂ ಸಾಲುವುದಿಲ್ಲ, ಮುಖಕ್ಕೂ ಒಪ್ಪುವುದಿಲ್ಲ.

ವಿಧಾನಗಳಿಗೆ ಹೋಗುವ ಮೊದಲು ಬಣ್ಣದ ವಿಷಯವನ್ನು ಹೇಳಿಬಿಡಬೇಕು, ಏಕೆಂದರೆ ನಮ್ಮಲ್ಲಿ ಮೇಕಪ್ ಕೆಡುವುದು ಬಹುಪಾಲು ಅಲ್ಲಿಯೇ. ಗೋಧಿ ಬಣ್ಣ, ಎಣ್ಣೆಗೆಂಪು, ನಸುಗಪ್ಪು, ಕಪ್ಪು ಎಂದು ಹತ್ತಾರು ಛಾಯೆಗಳಲ್ಲಿ ಹರಡಿಕೊಂಡಿರುವ ನಮ್ಮ ಮುಖಗಳಿಗೆ ಒಂದೆರಡು ಛಾಯೆ ಬೆಳ್ಳಗಿರುವ ಫೌಂಡೇಶನ್ (ಮುಖಕ್ಕೆ ಒಂದೇ ಸಮನಾದ ಬಣ್ಣ ಕೊಡುವ ಲೇಪ) ಕೊಳ್ಳುವ ಅಭ್ಯಾಸ ಇನ್ನೂ ಹೋಗಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿಕೊಂಡದ್ದು 2020ರಲ್ಲಿ. ಅಷ್ಟು ವರ್ಷಗಳ ಕಾಲ ತಲೆಯಲ್ಲಿ ಕೂತ ಆಸೆ ಒಂದು ಹೆಸರು ಬದಲಾದ ಮಾತ್ರಕ್ಕೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಕಂದು ಚರ್ಮದ ಮೇಲೆ ಬೆಳ್ಳನೆಯ ಲೇಪ ಕುಳಿತಾಗ ಆ ಮುಖ ಬೆಳ್ಳಗೆ ಕಾಣುವುದೇ ಇಲ್ಲ, ಬೂದಿ ಬಳಿದಂತೆ ಕಾಣುತ್ತದೆ, ಕುತ್ತಿಗೆ ಮತ್ತು ಕಿವಿ ಬೇರೆಯವರದೇನೋ ಎನ್ನುವಂತೆ ಪ್ರತ್ಯೇಕವಾಗಿ ನಿಲ್ಲುತ್ತವೆ. ದಿನನಿತ್ಯದ ಮೇಕಪ್ಪಿನ ಕೆಲಸ ಮುಖದ ಬಣ್ಣವನ್ನು ಬದಲಿಸುವುದಲ್ಲ; ಅಲ್ಲಲ್ಲಿ ಕಪ್ಪಾದ, ಕೆಂಪಾದ ಜಾಗಗಳನ್ನು ಉಳಿದ ಮುಖದ ಬಣ್ಣಕ್ಕೆ ಸೇರಿಸುವುದು ಮತ್ತು ಕಣ್ಣು, ತುಟಿಗಳನ್ನು ಸ್ಪಷ್ಟಗೊಳಿಸುವುದು. ಅಷ್ಟಾದರೆ ಸಾಕು.

ಹಾಗಾಗಿ ಛಾಯೆ ಆರಿಸುವುದಕ್ಕೆ ಒಂದು ಮಧ್ಯಾಹ್ನವನ್ನೇ ಮೀಸಲಿಟ್ಟರೂ ತಪ್ಪಿಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಣಿಕಟ್ಟಿಗೋ ಅಂಗೈ ಹಿಂಬದಿಗೋ ಹಚ್ಚಿ ತೋರಿಸುತ್ತಾರೆ. ಆ ಎರಡೂ ಜಾಗಗಳ ಬಣ್ಣ ಮುಖದ ಬಣ್ಣದಂತಿರುವುದಿಲ್ಲ. ದವಡೆಯ ಅಂಚಿನಿಂದ ಕುತ್ತಿಗೆಯ ಕಡೆಗೆ ಇಳಿಯುವಂತೆ, ಪಕ್ಕಪಕ್ಕದ ಮೂರು ಛಾಯೆಗಳನ್ನು ಬೆರಳಗಲದ ಗೆರೆಗಳಾಗಿ ಎಳೆಸಿಕೊಳ್ಳಿ. ಅಂಗಡಿಯ ದೀಪದ ಕೆಳಗೆ ಎಲ್ಲ ಛಾಯೆಗಳೂ ಚೆನ್ನಾಗಿಯೇ ಕಾಣುತ್ತವೆ, ಆದ್ದರಿಂದ ಹೊರಗೆ ಬಂದು ಹಗಲು ಬೆಳಕಿನಲ್ಲಿ, ಚಿಕ್ಕ ಕನ್ನಡಿಯಲ್ಲಿ ನೋಡಿ. ಯಾವ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಗುರುತಿಸುವುದು ಕಷ್ಟವಾಗುತ್ತದೋ ಅದೇ ನಿಮ್ಮದು. ಹದಿನೈದು ನಿಮಿಷ ಕಾದು ಮತ್ತೊಮ್ಮೆ ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ಚರ್ಮದ ಜಿಡ್ಡು ಮತ್ತು ಗಾಳಿಯ ಸಂಪರ್ಕದಿಂದ ಹಲವು ಫೌಂಡೇಶನ್‌ಗಳು ಒಣಗುತ್ತಾ ಸ್ವಲ್ಪ ಕಪ್ಪಾಗುತ್ತವೆ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಮಣಿಕಟ್ಟಿನ ನರ ಹಸಿರೋ ನೀಲಿಯೋ ಎಂದು ನೋಡಿ ಚರ್ಮದ ಒಳಛಾಯೆಯನ್ನು ತೀರ್ಮಾನಿಸುವ ಪರೀಕ್ಷೆ ನಮ್ಮ ಚರ್ಮದ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಗಾಢ ಬಣ್ಣದವರಲ್ಲಿ ನರವೇ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕಿಂತ ಹಚ್ಚಿದ ಗೆರೆಯನ್ನೇ ನಂಬಬಹುದು: ಬೂದುಬೂದಾಗಿ ಕಂಡರೆ ಇನ್ನಷ್ಟು ಹಳದಿ ಅಥವಾ ಬಂಗಾರದ ಛಾಯೆ ಬೇಕು, ಕಿತ್ತಳೆಯಾಗಿ ಎದ್ದು ಕಂಡರೆ ಆ ಛಾಯೆ ಕಡಿಮೆಯಾಗಬೇಕು. ಎರಡು ಛಾಯೆಗಳ ನಡುವೆ ಸಿಕ್ಕಿಕೊಂಡವರು ಕುತ್ತಿಗೆಗೆ ಹೊಂದುವುದನ್ನೇ ಆರಿಸಿಕೊಳ್ಳಬೇಕು.

ಇನ್ನು ಬೆಳಗಿನ ಕ್ರಮ. ಮುಖ ತೊಳೆದು, ಚರ್ಮ ಇನ್ನೂ ಸ್ವಲ್ಪ ತೇವವಾಗಿರುವಾಗಲೇ ತೆಳುವಾದ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಬೇಕು. ಬೆಂಗಳೂರಿನಲ್ಲಿರುವವರು ಹವೆ ತಂಪಾಗಿದೆ ಎಂಬ ಕಾರಣಕ್ಕೆ ಇದನ್ನು ಬಿಡುವುದುಂಟು. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಗಾಳಿಯ ತಂಪು ಸೂರ್ಯನ ನೇರಳಾತೀತ ಕಿರಣಗಳನ್ನು ಕಡಿಮೆ ಮಾಡುವುದಿಲ್ಲ. ಎತ್ತರ ಹೆಚ್ಚಿದಂತೆ ಅವು ಹೆಚ್ಚುತ್ತವೆ. ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಅಂಕಿ) 30 ಇರುವ ಸನ್‌ಸ್ಕ್ರೀನ್, ಚರ್ಮವನ್ನು ಸುಡುವ ಯುವಿಬಿ ಎಂಬ ನೇರಳಾತೀತ ಕಿರಣಗಳಲ್ಲಿ ಶೇ. 97ರಷ್ಟನ್ನು, ಎಸ್‌ಪಿಎಫ್ 50 ಶೇ. 98ರಷ್ಟನ್ನು ತಡೆಯುತ್ತದೆ, ಆದ್ದರಿಂದ ಅಂಕಿಗಿಂತ ಮುಖ್ಯವಾದದ್ದು ಪ್ರಮಾಣ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಬರುವಷ್ಟು ಸನ್‌ಸ್ಕ್ರೀನ್ ಮುಖ ಮತ್ತು ಕುತ್ತಿಗೆಗೆ ಬೇಕು. ಫೌಂಡೇಶನ್ ಡಬ್ಬಿಯ ಮೇಲೆ ಎಸ್‌ಪಿಎಫ್ ಎಂದು ಬರೆದಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಅಷ್ಟು ಪ್ರಮಾಣದ ಫೌಂಡೇಶನ್ ಅನ್ನು ಯಾರೂ ಹಚ್ಚುವುದಿಲ್ಲ. ಕೆನ್ನೆಯ ಮೇಲೆ ಬಂಗು ಇರುವವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಳ್ಳಲಿ ಎಂದು ಒತ್ತಿ ಹೇಳುತ್ತೇನೆ: ಬಂಗು ಗಾಢವಾಗುವುದಕ್ಕೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ತಡೆಯುವಲ್ಲಿ ಈ ಕಬ್ಬಿಣದ ಆಕ್ಸೈಡಿನ ಬಣ್ಣಗಳು ನೆರವಾಗುತ್ತವೆ, ಜೊತೆಗೆ ಸಾಮಾನ್ಯ ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನ್ ಬಿಡುವ ಬಿಳಿ ಪೊರೆಯೂ ಇರುವುದಿಲ್ಲ. ಎಷ್ಟೋ ಜನರಿಗೆ ಈ ಒಂದೇ ವಸ್ತು ಸನ್‌ಸ್ಕ್ರೀನೂ ಆಗಿ ಫೌಂಡೇಶನ್ನೂ ಆಗಿಬಿಡುತ್ತದೆ.

ಸನ್‌ಸ್ಕ್ರೀನ್ ಚರ್ಮದ ಮೇಲೆ ಕುಳಿತುಕೊಳ್ಳಲು ಐದಾರು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಸೀರೆ ಉಡಬಹುದು, ತಲೆ ಬಾಚಿಕೊಳ್ಳಬಹುದು. ತಕ್ಷಣವೇ ಮೇಲೊಂದು ಪದರ ಹಚ್ಚಿ ಉಜ್ಜಿದರೆ ಎರಡೂ ಸೇರಿ ಸಣ್ಣ ಸಣ್ಣ ಸುರುಳಿಗಳಾಗಿ ಎದ್ದುಬರುತ್ತವೆ. ಫೌಂಡೇಶನ್ ಬೇಕೆನಿಸಿದರೆ ಒಂದು ಕಡಲೆಕಾಳಿನ ಗಾತ್ರ ಸಾಕು. ಅದನ್ನು ಇಡೀ ಮುಖಕ್ಕೆ ಸವರುವ ಅಗತ್ಯವಿಲ್ಲ. ಮೂಗಿನ ಎರಡೂ ಪಕ್ಕ, ಬಾಯಿಯ ಸುತ್ತ, ಗಲ್ಲ, ಹುಬ್ಬುಗಳ ನಡುವೆ ನಮ್ಮ ಚರ್ಮ ಸಾಮಾನ್ಯವಾಗಿ ಗಾಢವಾಗಿರುತ್ತದೆ. ಅಲ್ಲಿಂದ ಆರಂಭಿಸಿ ಹೊರಗೆ ಹೋದಂತೆ ತೆಳುವಾಗಿಸುತ್ತಾ ಹೋಗಿ, ಹಣೆಯ ಅಂಚಿಗೂ ಕಿವಿಯ ಬಳಿಗೂ ಬರುವಷ್ಟರಲ್ಲಿ ಏನೂ ಉಳಿಯದಂತೆ ಮಾಡಿದರೆ ಗೆರೆ ಬೀಳುವ ಪ್ರಶ್ನೆಯೇ ಇಲ್ಲ. ಉಜ್ಜುವುದು ಬೇಡ, ಒತ್ತಿ ಒತ್ತಿ ಕೂರಿಸಿ. ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಪಾಂಜಿನಿಂದ ಒತ್ತಿದರೆ ಹೆಚ್ಚಾದದ್ದು ಸ್ಪಾಂಜಿಗೆ ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಬೆರಳ ಬಿಸಿಗೆ ಕ್ರೀಮ್ ಕರಗಿ ಚರ್ಮದಲ್ಲಿ ಬೆರೆಯುತ್ತದೆ. ನನಗೆ ಬೆರಳೇ ಇಷ್ಟ. ಕನ್ನಡಕ ಹಾಕುವವರು ಮೂಗಿನ ಮೇಲೆ ಕನ್ನಡಕ ಕೂರುವ ಜಾಗವನ್ನು ಹಾಗೆಯೇ ಬಿಟ್ಟುಬಿಡುವುದು ಮೇಲು.

ಕಣ್ಣಿನ ಕೆಳಗಿನ ಕಪ್ಪು ನಮ್ಮಲ್ಲಿ ಅನೇಕರಿಗೆ ನಿದ್ದೆಗೆಟ್ಟು ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು, ಮನೆತನದಲ್ಲಿಯೇ ಇರುವಂಥದ್ದು. ಅದರ ಮೇಲೆ ನೇರವಾಗಿ ಬೆಳ್ಳನೆಯ ಕನ್ಸೀಲರ್ (ಕಲೆ ಮುಚ್ಚುವ ದಟ್ಟ ಕ್ರೀಮ್) ಹಚ್ಚಿದರೆ ಕಪ್ಪು ಹೋಗಿ ಬೂದು ಬರುತ್ತದೆ. ಈ ಕಪ್ಪಿನಲ್ಲಿ ನೀಲಿ ಛಾಯೆ ಬೆರೆತಿರುತ್ತದೆ, ನೀಲಿಗೆ ಎದುರಾದ ಬಣ್ಣ ಕಿತ್ತಳೆ, ಆದ್ದರಿಂದ ಮೊದಲು ಕಿತ್ತಳೆ ಛಾಯೆಯ ಕರೆಕ್ಟರನ್ನು (ಎದುರು ಬಣ್ಣದಿಂದ ಕಪ್ಪನ್ನು ತಗ್ಗಿಸುವ ಕ್ರೀಮನ್ನು), ಗೋಧಿ ಬಣ್ಣದವರಾದರೆ ಪೀಚ್ ಛಾಯೆಯದನ್ನು, ಕಪ್ಪು ಅತಿ ಹೆಚ್ಚಿರುವ ಒಳಮೂಲೆಯಲ್ಲಿ ಮಾತ್ರ ಚುಕ್ಕಿಯಷ್ಟು ಇಟ್ಟು ಉಂಗುರಬೆರಳಿನಿಂದ ತಟ್ಟಿ, ಅದರ ಮೇಲೆ ಚರ್ಮದ ಬಣ್ಣದ ಕನ್ಸೀಲರ್ ತೆಳುವಾಗಿ ಹಚ್ಚಬೇಕು. ಪೂರ್ತಿ ಮುಚ್ಚುವ ಹಟ ಬೇಡ. ಕಣ್ಣಿನ ಕೆಳಗೆ ಪದರ ದಪ್ಪವಾದಷ್ಟೂ ಮಧ್ಯಾಹ್ನದ ಹೊತ್ತಿಗೆ ಅದು ಸಣ್ಣ ಗೆರೆಗಳಲ್ಲಿ ಸೇರಿಕೊಂಡು ವಯಸ್ಸನ್ನು ಹೆಚ್ಚಿಸಿ ತೋರಿಸುತ್ತದೆ.

ಪೌಡರಿನ ಪ್ರಮಾಣವನ್ನು ಊರಿನ ಹವೆ ನಿರ್ಧರಿಸಬೇಕು. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ಫೌಂಡೇಶನ್ ಬಿಟ್ಟು, ಬೇಕಾದಲ್ಲಿ ಕನ್ಸೀಲರ್ ಮಾತ್ರ ಹಚ್ಚಿ, ಹಣೆ ಮತ್ತು ಮೂಗಿಗೆ ಪೌಡರ್ ಒತ್ತಿದರೆ ಮುಖ ಹೆಚ್ಚು ಹೊತ್ತು ನಿಲ್ಲುತ್ತದೆ. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಇದೇ ಪೌಡರ್ ಚರ್ಮವನ್ನು ಬಿರುಕು ಬಿಟ್ಟಂತೆ ತೋರಿಸುತ್ತದೆ, ಅಲ್ಲಿ ಮಾಯಿಶ್ಚರೈಸರಿಗೆ ಹೆಚ್ಚು ಗಮನ ಕೊಡಬೇಕು. ಟಾಲ್ಕಂ ಪೌಡರನ್ನು ಮುಖಕ್ಕೆ ಬಳಸುವ ಹಳೆಯ ರೂಢಿ ನಮ್ಮ ಬಣ್ಣಕ್ಕೆ ಒಪ್ಪುವುದಿಲ್ಲ; ಚರ್ಮದ ಛಾಯೆಯ ಕಾಂಪ್ಯಾಕ್ಟ್ ಇಟ್ಟುಕೊಳ್ಳಿ. ಮಧ್ಯಾಹ್ನ ಮುಖ ಜಿಡ್ಡಾದಾಗ ಅದರ ಮೇಲೆಯೇ ಮತ್ತೆ ಪೌಡರ್ ಹಾಕದೆ, ಮೊದಲು ಟಿಶ್ಯೂ ಒತ್ತಿ ಜಿಡ್ಡನ್ನು ತೆಗೆದು ಆಮೇಲೆ ಹಾಕಬೇಕು. ಜಿಡ್ಡಿರುವ ಕಡೆ ಪುಡಿ ಅಂಟುತ್ತದೆ ಎನ್ನುವುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲವರಾಗಿದ್ದರು: ಹಣೆಗೆ ಒಂದಿಷ್ಟು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದರು, ಅದು ರಾತ್ರಿಯವರೆಗೂ ಅಲುಗುತ್ತಿರಲಿಲ್ಲ. ಇಂದು ಪ್ರೈಮರ್ ಎಂದು ಮಾರುವ ವಸ್ತುವಿನ ಕೆಲಸವೂ ಬಹುಮಟ್ಟಿಗೆ ಅದೇ, ಆದ್ದರಿಂದ ದಿನನಿತ್ಯದ ಬಳಕೆಗೆ ಅದನ್ನು ಬೇರೆಯಾಗಿ ಕೊಳ್ಳಲೇಬೇಕೆಂದಿಲ್ಲ.

ಕಾಡಿಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ಬೇರೆ ಏನೂ ಹಚ್ಚದವರೂ ಅದನ್ನು ಬಿಡುವುದಿಲ್ಲ. ಹರಳೆಣ್ಣೆಯ ಅಥವಾ ತುಪ್ಪದ ದೀಪ ಹಚ್ಚಿ, ಹೊನಗೊನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬತ್ತಿಯ ಮಸಿಯನ್ನು ತಾಮ್ರದ ತಟ್ಟೆಯಲ್ಲಿ ಹಿಡಿದು ಕಾಡಿಗೆ ಮಾಡುವ ಮನೆಗಳು ಈಗಲೂ ಇವೆ. ಅಂಗಡಿಯ ಕಾಡಿಗೆಯನ್ನು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಸೀಸದ ಅದಿರಿನಿಂದ ಮಾಡುವ ಸುರ್ಮಾಗಳಲ್ಲಿ ಮತ್ತು ಹೆಸರಿಲ್ಲದ ಕೆಲವು ಕಾಡಿಗೆಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಬಣ್ಣಕ್ಕಾಗಿ ಸೀಸದ ಸಂಯುಕ್ತಗಳನ್ನು ಬಳಸುವುದನ್ನು ನಮ್ಮ ಕಾನೂನೇ ನಿಷೇಧಿಸಿದೆ, ಆದ್ದರಿಂದ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಗೆ ತರಬೇಡಿ, ಕೂಸಿನ ಕಣ್ಣಿಗಂತೂ ಯಾವ ಕಾಡಿಗೆಯನ್ನೂ ಹಚ್ಚಬೇಡಿ.

ಹಚ್ಚುವ ಕ್ರಮದಲ್ಲಿಯೂ ಒಂದು ಬದಲಾವಣೆ ಮಾಡಿಕೊಂಡರೆ ಕಾಡಿಗೆ ಇಳಿಯುವುದು ತುಂಬ ಕಡಿಮೆಯಾಗುತ್ತದೆ. ರೆಪ್ಪೆಯ ಒಳಗಿನ ಒದ್ದೆ ಅಂಚಿಗೆ ಹಚ್ಚಿದ ಕಾಡಿಗೆ ಕಣ್ಣೀರಿನೊಂದಿಗೆ ಬೆರೆತು ಕಣ್ಣಿನೊಳಗೂ ಹೋಗುತ್ತದೆ, ಕೆಳಗೂ ಇಳಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಇದು ಇನ್ನೂ ಹೆಚ್ಚಿನ ತೊಂದರೆ. ಅದರ ಬದಲು ಪೆನ್ಸಿಲನ್ನು ಮೇಲಿನ ರೆಪ್ಪೆಗೂದಲುಗಳ ಬುಡದಲ್ಲಿ, ಕೂದಲು ಕೂದಲಿನ ನಡುವೆ ಸಣ್ಣ ಚುಕ್ಕಿಗಳಾಗಿ ಒತ್ತುತ್ತಾ ಬನ್ನಿ. ಚುಕ್ಕಿಗಳು ಸೇರಿ ಗೆರೆಯಾಗುವ ಹೊತ್ತಿಗೆ ರೆಪ್ಪೆಗೂದಲು ದಟ್ಟವಾಗಿ ಕಾಣುತ್ತದೆ, ನೇರ ಗೆರೆ ಎಳೆಯಲು ಕೈ ನಡುಗುವವರಿಗೂ ಇದು ಸಾಧ್ಯ. ಕೆಳಗಡೆ ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಹಚ್ಚಿ, ಕಿವಿಕಡ್ಡಿಯ ಹತ್ತಿಯಿಂದ ಅಂಚನ್ನು ಮೃದುವಾಗಿಸಿ, ಮೇಲೆ ಕಂದು ಐಶ್ಯಾಡೋ ಪುಡಿಯನ್ನು ಚಿಟಿಕೆಯಷ್ಟು ಒತ್ತಿದರೆ ಕಾಡಿಗೆ ಅಲ್ಲಿಯೇ ನಿಲ್ಲುತ್ತದೆ. ಹುಬ್ಬಿಗೆ ಕಡುಕಂದು ಪೆನ್ಸಿಲ್ ಸಾಕು. ಅಚ್ಚ ಕಪ್ಪು ಮುಖವನ್ನು ಗಡುಸಾಗಿಸುತ್ತದೆ.

ತುಟಿಯ ಬಣ್ಣದಲ್ಲಿ ನಮ್ಮ ಚರ್ಮಕ್ಕೆ ದೊಡ್ಡ ಅನುಕೂಲವಿದೆ: ಇಟ್ಟಿಗೆಗೆಂಪು, ಮರೂನ್, ನೇರಳೆಹಣ್ಣಿನ ಛಾಯೆ, ದಾಲ್ಚಿನ್ನಿ ಕಂದು ಇವೆಲ್ಲ ಬೆಳ್ಳನೆಯವರ ಮೇಲೆ ಭಾರವಾಗಿ ಕಂಡರೆ ನಮ್ಮ ಮೇಲೆ ಸಹಜವಾಗಿ ಬೆರೆಯುತ್ತವೆ. ಪತ್ರಿಕೆಗಳಲ್ಲಿ ಕಾಣುವ ತಿಳಿಗುಲಾಬಿಯ ನ್ಯೂಡ್ ಛಾಯೆಗಳು ಸುಣ್ಣದಂತೆ ಎದ್ದು ಕಾಣುತ್ತವೆ. ನಮ್ಮ ನ್ಯೂಡ್ ಎಂದರೆ ನಮ್ಮ ತುಟಿಗಿಂತ ಒಂದು ಛಾಯೆ ಗಾಢವಾದ ಕಂದು. ಮೇಲ್ದುಟಿ ಕಪ್ಪಾಗಿ ಕೆಳದುಟಿ ಗುಲಾಬಿಯಾಗಿ ಇರುವವರು ಮೇಲ್ದುಟಿಯ ಬಣ್ಣದ ಲಿಪ್ ಪೆನ್ಸಿಲನ್ನು ಎರಡೂ ತುಟಿಗೆ ತುಂಬಿ, ಅದರ ಮೇಲೆ ಲಿಪ್‌ಸ್ಟಿಕ್ ಹಚ್ಚಿದರೆ ಎರಡೂ ಒಂದಾಗುತ್ತವೆ. ಲಿಪ್‌ಸ್ಟಿಕ್ಕನ್ನು ಬೆರಳಿನಿಂದ ತಟ್ಟಿ ಹಚ್ಚಿ, ಟಿಶ್ಯೂವನ್ನು ತುಟಿಗಳ ನಡುವೆ ಒತ್ತಿ, ಇನ್ನೊಮ್ಮೆ ತೆಳುವಾಗಿ ಹಚ್ಚಿದರೆ ಕಾಫಿ ಕುಡಿದ ಮೇಲೂ ಉಳಿಯುತ್ತದೆ. ಬೆರಳಿನಲ್ಲಿ ಮಿಕ್ಕ ಬಣ್ಣವನ್ನೇ ಕೆನ್ನೆಯ ಮೂಳೆಯ ಮೇಲೆ, ಕಣ್ಣಿನ ಹೊರತುದಿಯ ಕಡೆಗೆ ಏರುವಂತೆ ತಟ್ಟಿಬಿಡಿ.

ಸ್ಕೂಟರಿನಲ್ಲಿ ಹೋಗುವವರಿಗೆ ಒಂದು ಮಾತು. ಹೆಲ್ಮೆಟ್ಟಿನ ಮೆತ್ತೆ ಕೆನ್ನೆಯನ್ನು ಒತ್ತುತ್ತದೆ, ಹಾಕುವಾಗ ಮತ್ತು ತೆಗೆಯುವಾಗ ಹಣೆಯನ್ನು ಉಜ್ಜುತ್ತದೆ, ಆದ್ದರಿಂದ ಮನೆಯಲ್ಲಿ ಸನ್‌ಸ್ಕ್ರೀನ್ ಮತ್ತು ಕಣ್ಣಿನ ಕೆಲಸ ಮುಗಿಸಿ, ಕೆನ್ನೆಯ ಬಣ್ಣ, ತುಟಿಯ ಬಣ್ಣ, ಬಿಂದಿ ಮೂರನ್ನೂ ಕೆಲಸದ ಜಾಗಕ್ಕೆ ತಲುಪಿದ ಮೇಲೆ ಇಟ್ಟುಕೊಳ್ಳುವುದೇ ಸರಿ. ಸ್ಟಿಕ್ಕರ್ ಬಿಂದಿ ಇಡುವ ಜಾಗದಲ್ಲಿ ತುರಿಕೆ ಅಥವಾ ಬಿಳಿ ಕಲೆ ಕಂಡರೆ ಆ ದಿನವೇ ಬಿಂದಿಯನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ಚರ್ಮದ ಬಣ್ಣವನ್ನು ಹುಟ್ಟಿಸುವ ಕೋಶಗಳನ್ನೇ ಕೊಲ್ಲಬಲ್ಲದು.

ರಾತ್ರಿ ಎಷ್ಟೇ ದಣಿದಿದ್ದರೂ ಮೇಕಪ್ ತೆಗೆದೇ ಮಲಗಬೇಕು. ಲೆನ್ಸ್ ಇದ್ದರೆ ಮೊದಲು ಲೆನ್ಸ್ ತೆಗೆಯಿರಿ. ಕಾಡಿಗೆಗೆ ಕ್ಲೆನ್ಸಿಂಗ್ ಎಣ್ಣೆಯಲ್ಲಿ ಅಥವಾ ಮೈಸೆಲರ್ ವಾಟರಿನಲ್ಲಿ ನೆನೆದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಕರಗಿದ ಮೇಲೆ ಹೊರಗಿನ ಕಡೆಗೆ ಒರೆಸಿ. ಬಲವಾಗಿ ಉಜ್ಜುವುದೇ ಕಣ್ಣಿನ ಸುತ್ತಲಿನ ಕಪ್ಪಿಗೆ ಒಂದು ಕಾರಣ, ಬೆಳಿಗ್ಗೆ ಕನ್ಸೀಲರಿನಿಂದ ಮುಚ್ಚುವುದನ್ನು ರಾತ್ರಿ ನಾವೇ ಹೆಚ್ಚಿಸುವುದು ಬೇಡ. ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿತ್ರದೊಳಗೆ 6ಎಂ, 12ಎಂ ಎಂದು ಬರೆದಿರುವುದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬ ಸೂಚನೆ. ತೆರೆದ ದಿನಾಂಕವನ್ನು ತಳದಲ್ಲಿ ಮಾರ್ಕರಿನಿಂದ ಬರೆದಿಡಿ. ಮಸ್ಕರಾವನ್ನು ಮೂರರಿಂದ ಆರು ತಿಂಗಳಿಗಿಂತ ಹೆಚ್ಚು ಬಳಸಬೇಡಿ, ಕಾಡಿಗೆ ಮತ್ತು ಮಸ್ಕರಾವನ್ನು ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳಬೇಡಿ, ಕಣ್ಣುಬೇನೆ ಬಂದು ಹೋದ ಮೇಲೆ ಆ ಸಮಯದಲ್ಲಿ ಬಳಸುತ್ತಿದ್ದ ಪೆನ್ಸಿಲ್ ಎಷ್ಟೇ ಹೊಸದಾಗಿದ್ದರೂ ಅದನ್ನು ಎಸೆದುಬಿಡಿ.