ಒಂದು ಬಾತ್ ಶಾಲೆಯ ಓಣಿಯಲ್ಲಿ

ಬ್ಯಾಂಕಾಕ್‌ಗೆ ಹೋದವರೆಲ್ಲ ನೋಡುವುದನ್ನು ನಾನೂ ಎರಡು ದಿನ ನೋಡಿದ್ದಾಗಿತ್ತು. ಮೂರನೆಯ ದಿನ ಮೆಟ್ರೊ ಹತ್ತಿ ಖ್ಲೊಂಗ್ ತೋಯಿಯಲ್ಲಿ ಇಳಿದೆ. ಕಿತ್ತಳೆ ಅಂಗಿಯ ಬೈಕ್ ಟ್ಯಾಕ್ಸಿಯವನಿಗೆ ‘ಪ್ರದೀಪ್, ಪ್ರದೀಪ್’ ಅಂದರೆ ಪಿಳಿಪಿಳಿ ನೋಡಿದ. ಫೋನಿನಲ್ಲಿದ್ದ ಥಾಯ್ ಅಕ್ಷರ ತೋರಿಸಿದ ಮೇಲೆ ಮುಖ ಅರಳಿತು: ‘ಓ, ಖೂ ಪಥೀಪ್!’

ಬರೆಯುವಾಗ ‘ಖ್ರು ಪ್ರಥೀಪ್’. ಆಡುವಾಗ ರಕಾರ ನುಂಗಿಬಿಡುತ್ತಾರೆ. ಖ್ರು ನಮ್ಮ ಗುರುವೇ, ಪ್ರಥೀಪ್ ನಮ್ಮ ಪ್ರದೀಪವೇ. ನಮ್ಮಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರು ಅಲ್ಲಿ ಒಬ್ಬ ಮೇಡಂದು: ಪ್ರಥೀಪ್ ಉಂಗ್‌ಸೊಂಗ್‌ಥಾಮ್ ಹಾತಾ.

ಬಂದರಿಗೆ ಸೇರಿದ ಜಾಗದಲ್ಲಿ ಎದ್ದ ಕೊಳೆಗೇರಿ ಇದು. ಆಕೆ 1952ರಲ್ಲಿ ಹುಟ್ಟಿದ್ದು ಇಲ್ಲೇ. ಆಗ ಅಕ್ರಮ ಮನೆಗೆ ನೋಂದಣಿ ಇರಲಿಲ್ಲ, ನೋಂದಣಿ ಇಲ್ಲದ ಮನೆಯ ಮಗುವಿಗೆ ಜನನ ಪತ್ರ ಇರಲಿಲ್ಲ, ಅದಿಲ್ಲದೆ ಸರ್ಕಾರಿ ಶಾಲೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಮ್ಮ ಹೇಗೋ ಕಾಸು ಹೊಂದಿಸಿ ಅಗ್ಗದ ಖಾಸಗಿ ಶಾಲೆಗೆ ಕೆಲವು ವರ್ಷ ಕಳಿಸಿದಳು. ಆಮೇಲೆ ಕೂಲಿ. ಪಟಾಕಿ ಕಟ್ಟುವುದು, ಬಂದರಿನಲ್ಲಿ ಹಡಗುಗಳ ತುಕ್ಕು ಕೆರೆಯುವುದು. ಕೂಡಿಟ್ಟ ದುಡ್ಡಿನಲ್ಲಿ ರಾತ್ರಿ ಶಾಲೆ.

1968ರಲ್ಲಿ, ಇನ್ನೂ ಹದಿನಾರರ ಹುಡುಗಿ, ಸೋದರಿಯ ಜೊತೆ ಸೇರಿ ಮನೆಯಲ್ಲೇ ಓಣಿಯ ಮಕ್ಕಳಿಗೆ ಪಾಠ ಶುರುಮಾಡಿದಳು. ಶುಲ್ಕ ದಿನಕ್ಕೆ ಒಂದು ಬಾತ್; ನಮಗೆ ರೂಪಾಯಿ ಇದ್ದಂತೆ ಅವರಿಗೆ ಬಾತ್. ಪುಕ್ಕಟೆ ಹೇಳಿಕೊಡಲಿಲ್ಲ ಅನ್ನುವುದೇ ನನಗೆ ಹಿಡಿಸಿದ್ದು. ಕೊಟ್ಟು ಕಲಿತವರಿಗೆ ಇರುವ ಗತ್ತೇ ಬೇರೆ. ತೆರವಿನ ಬೆದರಿಕೆಗಳ ನಡುವೆಯೇ ಶಾಲೆ ಬೆಳೆದು, 1976ರಲ್ಲಿ ನಗರಾಡಳಿತದ ಮಾನ್ಯತೆ ಪಡೆಯಿತು. ಎರಡು ವರ್ಷಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ. ಬಂದ 20,000 ಡಾಲರನ್ನು ಇಟ್ಟುಕೊಳ್ಳದೆ ‘ದುವಾಂಗ್ ಪ್ರಥೀಪ್’ ಪ್ರತಿಷ್ಠಾನ ಕಟ್ಟಿದರು. ಇಲ್ಲಿಂದ ಏಕವಚನ ನನ್ನ ಬಾಯಿಗೂ ಬರಲಿಲ್ಲ, ನೋಡಿ. 1992ರ ಮೇ ತಿಂಗಳಲ್ಲಿ ಸೇನಾ ಹಿಡಿತದ ವಿರುದ್ಧ ಬೀದಿಗಿಳಿದ ಚಳವಳಿಯ ಮುಂಚೂಣಿಯಲ್ಲಿ ಇವರಿದ್ದರು. 2000ದಲ್ಲಿ ಸೆನೆಟ್‌ಗೆ ಗೆದ್ದರು.

ಪ್ರತಿಷ್ಠಾನವಿರುವ ಕಡೆಯ ಓಣಿಗಳಿಗೆ ‘ಲಾಕ್’ ಅನ್ನುತ್ತಾರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಸುಟ್ಟ ಮೆಣಸಿನಕಾಯಿಯ ಘಾಟು, ಚರಂಡಿಯ ವಾಸನೆ, ಒಣಹಾಕಿದ ಸಮವಸ್ತ್ರಗಳಿಂದ ತಲೆಯ ಮೇಲೆ ಹನಿ. ಮಧ್ಯಾಹ್ನದ ಹೊತ್ತು. ಪುಟಾಣಿಗಳ ತರಗತಿಯೊಂದರ ಮುಂದೆ ಹಾಯುವಾಗ ಒಳಗೆ ಸದ್ದಿಲ್ಲ; ಚಾಪೆಗಳ ಮೇಲೆ ಸಾಲಾಗಿ ನಿದ್ದೆ. ನಾನೂ ಚಪ್ಪಲಿ ಸದ್ದಾಗದಂತೆ ದಾಟಿದೆ.

ಬಂದರಿಗೆ ಈ ಜಾಗ ಈಗಲೂ ಬೇಕು. ಬದಲಿಗೆ ಫ್ಲಾಟ್, ದೂರದಲ್ಲಿ ನಿವೇಶನ ಅಥವಾ ಹಣ ಅನ್ನುವ ಯೋಜನೆಯ ಮಾತು ವರ್ಷಗಳಿಂದ ನಡೆದಿದೆ. ವಾಪಸು ಬರುವಾಗ ತಗಡಿನ ಗೋಡೆಯೊಂದಕ್ಕೆ ಮೊಳೆ ಹೊಡೆದಿದ್ದ ನೀಲಿ ಫಲಕದ ಮುಂದೆ ನಿಂತೆ. ಮನೆಯ ಸಂಖ್ಯೆ. ಅದರ ಕೆಳಗೆ, ಮಳೆಗೆ ನೆನೆಯದಂತೆ ಮಗುಚಿಟ್ಟ ಎರಡು ಪುಟ್ಟ ಕಪ್ಪು ಶೂ.