ಒಂದೇ ಗೋಡೆಗೆ ಬೆನ್ನು ಕೊಟ್ಟ ಮನೆಗಳು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಹರ್ಸ್ಟ್ ಬೀದಿಯೂ ಇಂಜ್ ಬೀದಿಯೂ ಕೂಡುವ ಮೂಲೆಯಲ್ಲಿ, ‘ಕೋರ್ಟ್ 15’ ಎಂಬ ಕಾರ್ಮಿಕರ ವಠಾರವೊಂದು ಉಳಿದುಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕಟ್ಟಿದ ಈ ಸಾಲುಮನೆಗಳಲ್ಲಿ ಅಂತಸ್ತಿಗೊಂದರಂತೆ ಮೂರೇ ಕೋಣೆಗಳು. ಹಿಂಗೋಡೆಯ ಆಚೆ ಇನ್ನೊಂದು ಸಂಸಾರವಿದ್ದುದರಿಂದ ಗಾಳಿ ಬೆಳಕು ಬರುತ್ತಿದ್ದುದು ಒಂದೇ ಕಡೆಯಿಂದ. ಶ್ರೀಮಂತರ ಬಂಗಲೆಗಳನ್ನು ಕಾಪಾಡುವ ದೇಶಗಳು ಬಹಳ ಇವೆ. ಬಾಡಿಗೆದಾರರ ಮನೆಯನ್ನೂ ಅದೇ ಶ್ರದ್ಧೆಯಿಂದ ಕಾಪಾಡಿರುವುದು ನನಗೆ ತುಂಬಾ ದೊಡ್ಡ ಕೆಲಸವೆನಿಸುತ್ತದೆ.

ಇಲ್ಲಿ ಬಾಳಿದವರ ಹೆಸರು ನಮಗೆ ತಿಳಿದಿರುವುದು ಮುಖ್ಯವಾಗಿ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯಿಂದ. ಗಡಿಯಾರದ ಮುಳ್ಳುಗಳನ್ನು ತಯಾರಿಸುತ್ತಿದ್ದ ಯಹೂದಿ ಲೆವಿ ಕುಟುಂಬ, ಗಾಜಿನ ಕಣ್ಣುಗಳನ್ನು ಮಾಡುತ್ತಿದ್ದ ಹರ್ಬರ್ಟ್ ಓಲ್ಡ್‌ಫೀಲ್ಡ್, ಬೀಗದ ಕೆಲಸದ ಮಿಚೆಲ್ ಮನೆತನದವರು ಹೀಗೆ ದಾಖಲೆಗೆ ಸಿಕ್ಕಿದವರು. ಮಿಚೆಲ್ ಮನೆತನ ತಲೆಮಾರುಗಳ ಕಾಲ, ಸುಮಾರು 95 ವರ್ಷ, ಇದೇ ವಠಾರದಲ್ಲಿ ನೆಲೆಸಿತ್ತು. ಆದರೆ ಎರಡು ಗಣತಿಗಳ ನಡುವೆ ಬಂದು, ಬಾಡಿಗೆ ಕಟ್ಟಲಾಗದೆಯೋ ಕೆಲಸ ತಪ್ಪಿಯೋ ಹೊರಟುಹೋದವರ ಸುಳಿವು ಆ ಪಟ್ಟಿಗಳಲ್ಲಿ ಇರುವುದಿಲ್ಲ.

ಹೆಂಗಸರ ದುಡಿಮೆಯದೂ ಹೆಚ್ಚುಕಡಿಮೆ ಇದೇ ಕಥೆ. ಯಜಮಾನನ ಕಸುಬನ್ನು ತಪ್ಪದೆ ಬರೆದುಕೊಂಡ ಗಣತಿದಾರರು ಹೆಂಡತಿಯ ಹೆಸರಿನ ಮುಂದಿನ ಅಂಕಣವನ್ನು ಅನೇಕ ಸಲ ಖಾಲಿ ಬಿಟ್ಟಿದ್ದಾರೆ. ಅಂಗಳದಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯನ್ನೂ ಎಲ್ಲರೂ ಬಳಸಬೇಕಿದ್ದ ಶೌಚಗಳನ್ನೂ ಕಂಡಾಗ, ನೀರು ಹೊತ್ತು, ಕಲ್ಲಿದ್ದಲಿನ ಬೆಂಕಿಯಲ್ಲಿ ಅದನ್ನು ಕಾಯಿಸಿ, ತಮ್ಮ ಸರದಿಯ ದಿನ ಇಡೀ ಮನೆಯ ಬಟ್ಟೆ ಒಗೆದವರು ಯಾರೆಂಬುದು ಯಾವ ಕಾಗದವೂ ಇಲ್ಲದೆ ಅರ್ಥವಾಗುತ್ತದೆ. ಮಕ್ಕಳ ಜೊತೆಗೆ ಬಾಡಿಗೆಯ ಹೊರೆ ತಗ್ಗಿಸಲು ಒಳಬಾಡಿಗೆಯವರನ್ನೂ ಇರಿಸಿಕೊಂಡಿದ್ದ ಮನೆಗಳಲ್ಲಿ ಈ ಕೆಲಸ ಇನ್ನಷ್ಟು ಹೆಚ್ಚುತ್ತಿತ್ತು.

ಒಂದೇ ಹಿಂಗೋಡೆಗೆ ಬೆನ್ನು ಕೊಟ್ಟ ಇಂಥ ಮನೆಗಳನ್ನು ಹೊಸದಾಗಿ ಕಟ್ಟುವುದನ್ನು 1909ರ ಕಾಯಿದೆ ನಿಷೇಧಿಸಿತು. ಇಲ್ಲಿನ ವಾಸ 1960ರ ದಶಕದಲ್ಲಿ ಕೊನೆಗೊಂಡಿತು. ಆದರೂ ಬೀದಿಗೆ ತೆರೆದ ಅಂಗಡಿಗಳಲ್ಲಿ ದುಡಿಮೆ ನಿಲ್ಲಲಿಲ್ಲ. ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದಿಂದ 1958ರಲ್ಲಿ ಬಂದ ದರ್ಜಿ ಜಾರ್ಜ್ ಸಾಂಡರ್ಸ್ ಇಲ್ಲಿ ಅಂಗಡಿ ಇಟ್ಟು 2001ರವರೆಗೂ ಬಟ್ಟೆ ಹೊಲಿದರು. ಐತಿಹಾಸಿಕ ತಾಣಗಳನ್ನು ಕಾಪಾಡುವ ಬ್ರಿಟಿಷ್ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 2004ರಲ್ಲಿ ಈ ವಠಾರವನ್ನು ಸಾರ್ವಜನಿಕರಿಗೆ ತೆರೆದಾಗ ಲೆವಿ, ಓಲ್ಡ್‌ಫೀಲ್ಡ್, ಮಿಚೆಲ್ ಕುಟುಂಬಗಳ ಸಾಲಿನಲ್ಲಿಯೇ ಸಾಂಡರ್ಸ್ ಅವರ ಅಂಗಡಿಗೂ ಜಾಗ ದೊರೆತದ್ದು ನ್ಯಾಯವಾಗಿಯೇ ಇದೆ, ಏಕೆಂದರೆ ಲಂಡನ್ನಿನಿಂದ ಬಂದ ಲೆವಿಯಂತೆ ಅವರೂ ಕೈಕಸುಬನ್ನು ನಂಬಿ ಹೊರಗಿನಿಂದ ಈ ನಗರಕ್ಕೆ ಬಂದವರು.